ಉಸ್ತಾದನ ಪಾಲು

2024ರ ಜೂನ್ 29ರ ರಾತ್ರಿ ಬಾರ್ಬಡೋಸ್‌ನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಿತಲ್ಲ, ಮರುದಿನ ಬೆಳಿಗ್ಗೆ ಚಹಾ ಕುಡಿಯೋದರೊಳಗೆ ಒಂದು ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಬೀದರಿನ ಆಫೀಸ್ ಗ್ರೂಪು, ಭಾಲ್ಕಿಯ ಬೀಗರ ಗ್ರೂಪು, ಔರಾದದ ಹಳೇ ದೋಸ್ತರ ಗ್ರೂಪು, ಮೂರರಾಗೂ ಅದೇ. ನಿಮಗೂ ಬಂದಿರ್ತದ. ಮೊದಲಿಗೆ 2007: ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್‌ನಿಂದ ಹೊರಬಿದ್ದ ತಂಡದ ನಾಯಕ ರಾಹುಲ್ ದ್ರಾವಿಡ್ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾರೆ. ಪರದೆ ಕಪ್ಪಾಗ್ತದ. ‘17 ವರ್ಷಗಳ ನಂತರ’ ಅಂತ ಅಕ್ಷರ ಮೂಡ್ತದ. ಆಮೇಲೆ ವಿರಾಟ್ ಕೊಹ್ಲಿ ಕಪ್ಪನ್ನು ತಂದು ಕೈಗೆ ಕೊಡ್ತಾರೆ, ಕೋಚ್ ದ್ರಾವಿಡ್ ಅದನ್ನು ಎತ್ತಿ ಹಿಡಿದು ಗಂಟಲು ಹರಿಯುವಂಗ ಕೂಗ್ತಾರೆ. ಹಿಂದೆ ‘ಚಕ್ ದೇ! ಇಂಡಿಯಾ’ದ ಹಾಡು.

ಈ ತುಣುಕನ್ನು ಸಿನಿಮಾ ಅಂತಲೇ ಹಿಡಿದು ಈ ಸಲ ವಿಮರ್ಶೆ ಮಾಡ್ತೀನಿ. ನಗಬ್ಯಾಡ್ರಿ. ನಮ್ಮ ಮಂದಿ ವರ್ಷವಿಡೀ ಟಾಕೀಸಿಗೆ ಹೋಗಿ ನೋಡೋದಕ್ಕಿಂತ ಹೆಚ್ಚು ಕಥೆಯನ್ನು ಒಂದು ರಾತ್ರಿಯಲ್ಲಿ ಬೆರಳಿನಿಂದ ಸರಿಸಿ ಸರಿಸಿ ನೋಡ್ತಾರೆ. ಆಡುವವನೊಬ್ಬ ಆಡಿಸುವವನಾಗೋದು ಅಂದರೆ ಏನು ಅನ್ನೋದನ್ನು ನಮ್ಮ ಹುಡುಗರು ಕಲಿಯೋದೂ ಅದರಿಂದಲೇ.

ಮೊದಲು ಭೂಗೋಳ. 2007ರ ಮಾರ್ಚ್‌ನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತದ್ದು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ. 2024ರಲ್ಲಿ ಗೆದ್ದದ್ದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ. ಎರಡೂ ಬೇರೆ ಬೇರೆ ದೇಶ, ನಡುವೆ ಸಮುದ್ರ. ‘ಕಳೆದುಕೊಂಡಲ್ಲೇ ಪಡೆದರು’ ಅನ್ನೋದು, ಔರಾದದಲ್ಲಿ ಕಳೆದ ಚಪ್ಪಲಿ ನಾಂದೇಡದಲ್ಲಿ ಸಿಕ್ಕಿತು ಅಂದಂಗ.

ಅದು ಹೋಗಲಿ. ಎರಡನೇದು ಇನ್ನೂ ದೊಡ್ಡದು. ಆಟಗಾರನಾಗಿ ಕೈಗೆ ಬಾರದ್ದು ಕೋಚ್ ಆಗಿ ಬಂತು ಅಂತ ವಿಡಿಯೊ ಹೇಳ್ತದ. ಬಂದದ್ದು ಟಿ-20 ವಿಶ್ವಕಪ್. ದ್ರಾವಿಡ್ ಆಟಗಾರನಾಗಿ ಟಿ-20 ವಿಶ್ವಕಪ್ ಆಡಿದವರೇ ಅಲ್ಲ. 2007ರಲ್ಲಿ ಮೊದಲ ಟಿ-20 ವಿಶ್ವಕಪ್ ನಡೆದಾಗ ಹಿರಿಯರು ಹಿಂದೆ ಸರಿದು ಹುಡುಗರಿಗೆ ಬಿಟ್ಟುಕೊಟ್ಟಿದ್ದರು, ಧೋನಿ ಗೆದ್ದು ತಂದರು. ದ್ರಾವಿಡ್ ಜೀವಮಾನದಲ್ಲಿ ಆಡಿದ ಅಂತರರಾಷ್ಟ್ರೀಯ ಟಿ-20 ಒಂದೇ ಒಂದು, 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ. ಅದರಲ್ಲಿ ಸಮಿತ್ ಪಟೇಲ್ ಅವರಿಗೆ ಬೆನ್ನಬೆನ್ನಿಗೆ ಮೂರು ಸಿಕ್ಸ್ ಹೊಡೆದರು, 31 ರನ್ ಮಾಡಿದರು, ಮುಗೀತು. ಇದಲ್ಲವಾ ಕಥೆ? ಒಂದೇ ಪಂದ್ಯ ಆಡಿದ ಮನುಷ್ಯ ಆ ಆಟದಲ್ಲಿ ಜಗತ್ತನ್ನು ಗೆದ್ದ ತಂಡಕ್ಕೆ ಕೋಚ್ ಆಗಿದ್ದು ಹೆಂಗ? ವಿಡಿಯೊ ಮಾಡಿದವರಿಗೆ ಈ ಪ್ರಶ್ನೆ ಹೊಳೆದೇ ಇಲ್ಲ, ಯಾಕಂದರ ಅವರಿಗೆ ಬೇಕಾದದ್ದು ಸೇಡು.

ಮೂರನೇದು, 2007ರ ಆ ಮುಖ. ಅದೇ ನಾಯಕ 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಟೆಸ್ಟ್ ಸರಣಿ ಗೆದ್ದಿದ್ದರು, ಭಾರತ ಅಲ್ಲಿ ಗೆದ್ದು 35 ವರ್ಷ ಆಗಿತ್ತು. ವಿಶ್ವಕಪ್ ಸೋತ ಅದೇ 2007ರ ಬೇಸಿಗೆಯಲ್ಲಿ ಇಂಗ್ಲೆಂಡ್‌ನಲ್ಲೂ ಸರಣಿ ಗೆದ್ದರು, ಅಲ್ಲಿ 21 ವರ್ಷ ಆಗಿತ್ತು. ಗೆದ್ದ ಮೇಲೆ ಸೆಪ್ಟೆಂಬರ್‌ನಲ್ಲಿ ನಾಯಕತ್ವ ಬಿಟ್ಟರು. ಕೋಲ್ಕತ್ತದ 180, ಅಡಿಲೇಡ್‌ನ 233, ರಾವಲ್ಪಿಂಡಿಯ 270 ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ. 164 ಟೆಸ್ಟ್, 13,288 ರನ್. 2011ರಲ್ಲಿ ಇಂಗ್ಲೆಂಡ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತ ಸರಣಿಯಲ್ಲಿ ಒಬ್ಬರೇ ಮೂರು ಶತಕ ಹೊಡೆದು ನಿಂತಿದ್ದರು, ಆಗ 38 ವರ್ಷ. ಇಂಥವರನ್ನು 17 ವರ್ಷ ತಲೆತಗ್ಗಿಸಿಕೊಂಡಿದ್ದವರಂತೆ ತೋರಿಸೋದಕ್ಕೆ ಬಹಳ ಕತ್ತರಿ ಆಡಿಸಬೇಕಾಗ್ತದ.

ಇನ್ನು ಹಾಡಿನ ಮಾತು. ‘ಚಕ್ ದೇ! ಇಂಡಿಯಾ’ 2007ರ ಆಗಸ್ಟ್‌ನಲ್ಲಿ ಬಂದ ಸಿನಿಮಾ. ಪಾಕಿಸ್ತಾನದ ವಿರುದ್ಧ ಪೆನಾಲ್ಟಿ ಕಳೆದುಕೊಂಡ ಹಾಕಿ ನಾಯಕ ಕಬೀರ್ ಖಾನ್, ದೇಶದ್ರೋಹಿ ಅನ್ನಿಸಿಕೊಂಡು ಮನೆ ಬಿಟ್ಟು, ಏಳು ವರ್ಷದ ಮೇಲೆ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆಗಿ ವಿಶ್ವಕಪ್ ಗೆದ್ದು ಕಳಂಕ ತೊಳೆದುಕೊಳ್ಳೋ ಕಥೆ. ಚಲೋ ಸಿನಿಮಾ. ನಾನು ಈಗಲೂ ಟಿವಿಯಲ್ಲಿ ಬಂದರೆ ಕೂತು ನೋಡ್ತೀನಿ. ಆದರೆ ಅದು ಚಲೋ ಆಗಿರೋದು ಕಬೀರ್ ಖಾನನ ಕಳಂಕದಿಂದ ಅಲ್ಲ. ಹದಿನಾರು ಹುಡುಗಿಯರು ಬೇರೆ ಬೇರೆ ರಾಜ್ಯದವರು, ಒಬ್ಬೊಬ್ಬರ ಸೊಕ್ಕು ಒಂದೊಂದು ಥರ, ಒಬ್ಬರಿಗೊಬ್ಬರು ಚೆಂಡು ಕೊಡೋದಿಲ್ಲ. ಎಲ್ಲರಿಗಿಂತ ಅನುಭವಿಯಾದ ಬಿಂದಿಯಾ ನಾಯಕಳನ್ನು ಕೋಚ್ ಬೆಂಚಿನ ಮೇಲೆ ಕೂರಿಸ್ತಾನೆ, ಆಕೆ ತಿರುಗಿ ಬೀಳ್ತಾಳೆ, ಆಮೇಲೆ ಆಕೆ ಇಲ್ಲದೆ ಆಗಂಗಿಲ್ಲ ಅಂತ ಗೊತ್ತಾದಾಗ ಅವನೇ ಹೋಗಿ ಕೇಳ್ತಾನೆ. ಕೋಚಿನ ಕೆಲಸ ಅಂದರೆ ಅದು. ಸಿನಿಮಾದ ಎರಡೂವರೆ ಗಂಟೆಯಲ್ಲಿ ಮುಕ್ಕಾಲು ಪಾಲು ಅದೇ ಇದೆ. ವಿಡಿಯೊದವರು ಹಾಡು ತಗೊಂಡರು, ಕೆಲಸ ಬಿಟ್ಟರು.

ಈ ಚಿತ್ರಕಥೆಯನ್ನು ಮೊದಲು ತಿರಸ್ಕರಿಸಿದವರು ದ್ರಾವಿಡ್ ಅವರೇ. ಫೈನಲ್‌ಗೆ ಮುಂಚೆ ‘ದ್ರಾವಿಡ್‌ಗಾಗಿ ಗೆಲ್ಲಿ’ ಅಂತ ಒಂದು ಅಭಿಯಾನ ಎಬ್ಬಿಸಿದ್ದರಲ್ಲ, ಟಿವಿಯವರು ಅದರ ಬಗ್ಗೆ ಕೇಳಿದಾಗ, ಯಾರಿಗಾಗಿಯೋ ಗೆಲ್ಲೋದರಲ್ಲಿ ತನಗೆ ನಂಬಿಕೆ ಇಲ್ಲ, ಅದು ತನ್ನ ಸ್ವಭಾವಕ್ಕೇ ವಿರುದ್ಧ ಅಂದರು. ಎವರೆಸ್ಟ್ ಯಾಕೆ ಹತ್ತತೀರಿ ಅಂದರೆ ಅದು ಅಲ್ಲಿದೆ ಅಂತ ಹತ್ತತೀವಿ ಅನ್ನೋ ಹಳೇ ಮಾತನ್ನು ನೆನಪು ಮಾಡಿ, ವಿಶ್ವಕಪ್ಪೂ ಹಂಗೇ, ಅದು ಇದೆ, ಗೆಲ್ಲಬೇಕು, ಅಷ್ಟೇ ಅಂದರು. ಗೆದ್ದ ಮೇಲೂ ಪತ್ರಕರ್ತರ ಮುಂದೆ ಅದೇ ಮಾತು: ಹಳೇ ಲೆಕ್ಕ ಚುಕ್ತಾ ಮಾಡೋ ವಿಚಾರ ತನಗಿಲ್ಲ, ಕಪ್ ಗೆಲ್ಲದೆ ಆಟ ಮುಗಿಸಿದವರು ಎಷ್ಟೋ ಮಂದಿ ಇದ್ದಾರೆ. ನಾಯಕನೇ ಬ್ಯಾಡ ಅಂದ ಕಥೆಯನ್ನು ನಾವು ಅವನ ಹೆಸರಿನಲ್ಲಿ ಹಂಚಿದೆವು.

ಹಂಗಾದರೆ ಅವರ ಕಥೆಯನ್ನು ಹೆಂಗ ಹೇಳಬೇಕು?

ಅಮೆರಿಕದ ಬೇಸ್‌ಬಾಲ್‌ನವರ ಹತ್ತಿರ ಇದಕ್ಕೆ ಇನ್ನೊಂದು ಮಾದರಿ ಇದೆ. ಅಲ್ಲಿ ಔಟ್‌ಫೀಲ್ಡರ್ ಅಂದರೆ ಮೈದಾನದ ದೂರದ ಅಂಚಿನಲ್ಲಿ ನಿಂತು ಎತ್ತರಕ್ಕೆ ಬಂದ ಚೆಂಡಿಗೆ ಓಡುವವನು, ನಮ್ಮ ಬೌಂಡರಿ ಕಾಯೋ ಹುಡುಗ ಇದ್ದಂಗ. ಮ್ಯಾನೇಜರ್ ಅಂದರೆ ನಮ್ಮ ಕೋಚಿಗಿಂತ ದೊಡ್ಡ ಅಧಿಕಾರ; ಆಟಗಾರರ ಬಟ್ಟೆಯನ್ನೇ ತೊಟ್ಟು ಡಗೌಟ್‌ನಲ್ಲಿ ಕೂತು, ಯಾರು ಎಸೆಯಬೇಕು, ಯಾರನ್ನು ಹೊರಗೆ ಕರೀಬೇಕು ಅಂತ ಪಂದ್ಯ ನಡೀತಿರುವಾಗಲೇ ತೀರ್ಮಾನ ಮಾಡುವವನು. (ನಮ್ಮ ಕ್ರಿಕೆಟ್‌ನಲ್ಲಿ ಮ್ಯಾನೇಜರ್ ಅಂದರೆ ಟಿಕೆಟ್ಟು, ಹೋಟೆಲು ನೋಡೋರು ಅನ್ನೋ ಭಾವನೆ. ಆದರೂ 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಗಾವಸ್ಕರ್ ತಂಡ ವಿಶ್ವ ಚಾಂಪಿಯನ್‌ಶಿಪ್ ಗೆದ್ದಾಗ ಜೊತೆಗಿದ್ದ ಮ್ಯಾನೇಜರ್ ನಮ್ಮ ಎರಪಳ್ಳಿ ಪ್ರಸನ್ನ.) ಮೇಲೆ ಜನರಲ್ ಮ್ಯಾನೇಜರ್ ಅಂತ ಇನ್ನೊಬ್ಬ ಇರ್ತಾನೆ, ಅವನದು ಆಟಗಾರರನ್ನು ತರೋ, ಕಳಿಸೋ ಕೆಲಸ. ಬಿಲ್ಲಿ ಬೀನ್ ಅನ್ನೋ ಔಟ್‌ಫೀಲ್ಡರ್ ಆ ಖುರ್ಚಿಗೆ ಬಂದ ಕಥೆಯೇ ‘ಮನಿಬಾಲ್’. 2003ರಲ್ಲಿ ಮೈಕೆಲ್ ಲೂಯಿಸ್ ಪುಸ್ತಕ ಬರೆದರು, 2011ರಲ್ಲಿ ಬ್ರ್ಯಾಡ್ ಪಿಟ್ ಸಿನಿಮಾ ಬಂತು.

ಬೀನ್‌ನನ್ನು 1980ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತ್ತು. ಎತ್ತರ, ಮೈಕಟ್ಟು, ಓಟ ಎಲ್ಲಾ ನೋಡಿ ಇವನೇ ಮುಂದಿನ ದೊಡ್ಡ ಆಟಗಾರ ಅಂದಿದ್ದರು. ಆಗಲಿಲ್ಲ. ದೊಡ್ಡ ಲೀಗಿನಲ್ಲಿ 148 ಪಂದ್ಯಕ್ಕೆ ಆಟ ನಿಂತಿತು. 1990ರಲ್ಲಿ ಓಕ್ಲೆಂಡ್ ತಂಡದ ಆಫೀಸಿಗೆ ಹೋಗಿ, ನಾ ಆಡೋದು ಬಿಡ್ತೀನಿ, ಹೊಸ ಹುಡುಗರನ್ನು ಹುಡುಕೋ ಕೆಲಸ ಕೊಡ್ರಿ ಅಂದ. ಮುಂದೆ ಅದೇ ತಂಡ ನಡೆಸೋನಾದ. ಮೈಕಟ್ಟು ನೋಡಿ ಮೋಸ ಹೋಗೋರನ್ನು ಅವನು ಕಂಡಿದ್ದ, ಯಾಕಂದರ ಆ ಮೈಕಟ್ಟು ಅವನದೇ ಆಗಿತ್ತು. ಅದಕ್ಕೇ ಅಂಕಿ-ಸಂಖ್ಯೆ ಹಿಡಿದು, ಯಾರಿಗೂ ಬೇಡವಾದ ಆಟಗಾರರನ್ನು ಕಡಿಮೆ ರೊಕ್ಕಕ್ಕೆ ತಂದ. 2002ರಲ್ಲಿ ಆ ಬಡ ತಂಡ ಬೆನ್ನಬೆನ್ನಿಗೆ 20 ಪಂದ್ಯ ಗೆದ್ದಿತು. ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಅವನು ಪಂದ್ಯ ನೋಡದೆ ಇರೋದು. ತಂಡ ಆಡೋವಾಗ ಕಾರು ತಗೊಂಡು ಸುಮ್ಮನೆ ತಿರುಗ್ತಾನೆ. ಆದರೆ ಡಗೌಟ್‌ನಲ್ಲಿ ಕೂತ ಮ್ಯಾನೇಜರ್ ಆರ್ಟ್ ಹೌ ಪಾತ್ರವನ್ನು ಬರೀ ಮೊಂಡ ಅಂತ ತೋರಿಸಿದ್ದು ಅನ್ಯಾಯ. ಲೆಕ್ಕದ ಮೇಲೆ ಆರಿಸಿ ತಂದವರನ್ನು ದಿನಾ ಮೈದಾನಕ್ಕಿಳಿಸಿ ಸಂಭಾಳಿಸಿದವ ಅವನು. ಅವನನ್ನು ಆಡಿದ ಫಿಲಿಪ್ ಸೀಮೋರ್ ಹಾಫ್ಮನ್ ಸುಮ್ಮನೆ ಗೋಡೆಗೊರಗಿ ನಿಂತು ಕೆಲಸ ಮುಗಿಸಬೇಕಾಯಿತು.

ಬೀನ್ ಮಾದರಿಯೂ ದ್ರಾವಿಡ್‌ಗೆ ಒಪ್ಪಂಗಿಲ್ಲ. ಬೀನ್ ಸೋತು ಕಲಿತವನು. ದ್ರಾವಿಡ್ ಸೋತವರಲ್ಲ, ಎಷ್ಟೋ ಗೆದ್ದವರು. ಗೆದ್ದವರು ಆಡಿಸೋಕೆ ಕೂತಾಗ ಬರೋ ರೋಗ ಒಂದೇ: ನಾ ಹಿಂಗ ಆಡಿದ್ದೆ, ನೀನೂ ಹಿಂಗೇ ಆಡು ಅನ್ನೋದು. ಅವರು ಅದರಿಂದ ಹೆಂಗ ತಪ್ಪಿಸಿಕೊಂಡರು ಅನ್ನೋದು ನನಗೆ ಕುತೂಹಲ.

ನನ್ನ ಊಹೆ ಇದು. ದ್ರಾವಿಡ್ ಬ್ಯಾಟಿನ ಬಗ್ಗೆ ಪುಸ್ತಕಗಳೇ ಬಂದಿವೆ, ಸ್ಲಿಪ್‌ನಲ್ಲಿ ನಿಂತ ದ್ರಾವಿಡ್ ಬಗ್ಗೆ ಯಾರೂ ಹೆಚ್ಚು ಬರೀಲಿಲ್ಲ. ಟೆಸ್ಟ್‌ನಲ್ಲಿ 210 ಕ್ಯಾಚ್, ಕೀಪರ್ ಅಲ್ಲದವರಲ್ಲಿ ಬಹಳ ವರ್ಷ ಅದೇ ದಾಖಲೆ. 2025ರಲ್ಲಿ ಜೋ ರೂಟ್ ದಾಟಿದರು. ದಿನಕ್ಕೆ 90 ಓವರ್ ಅಂದರೆ 540 ಎಸೆತ. ಪ್ರತಿ ಎಸೆತಕ್ಕೂ ಮೊಣಕಾಲು ಬಾಗಿಸಿ ಕೈ ಒಡ್ಡಿ ತಯಾರಾಗಬೇಕು. ಚೆಂಡು ಬರೋದು ಇಡೀ ದಿನದಲ್ಲಿ ಒಂದು ಸಲವೋ ಎರಡು ಸಲವೋ, ಬರದೇನೂ ಇರಬಹುದು. ಎಸೆಯೋನು ಬೇರೆ, ಹೊಡೆಯೋನು ಬೇರೆ. ತನ್ನ ಕೈಯಲ್ಲಿ ಇಲ್ಲದ್ದಕ್ಕೆ ದಿನಾ 540 ಸಲ ತಯಾರಾಗೋ ಅಭ್ಯಾಸ ಹದಿನಾರು ವರ್ಷ ಆದಮೇಲೆ, ಡಗೌಟ್‌ನಲ್ಲಿ ಕೂರೋದು ಆ ಮನುಷ್ಯನಿಗೆ ಪೂರಾ ಹೊಸ ಕೆಲಸ ಆಗಿರಲಿಕ್ಕಿಲ್ಲ.

ನಮ್ಮ ಕಡೆ ಈ ಬದಲಾವಣೆಗೆ ಒಂದು ಶಬ್ದ ಇದೆ. ಕುಸ್ತಿ ಬಿಟ್ಟ ಪೈಲವಾನ ಉಸ್ತಾದ ಆಗ್ತಾನೆ. ಔರಾದದ ಅಮರೇಶ್ವರ ಜಾತ್ರೆಯಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು, ತೆಂಗಿನಕಾಯಿ ಕುಸ್ತಿಗೆ ಸಣ್ಣ ಪೋರಗೋಳು ಇಳೀತಾರ, ಸಂಜೀಗೆ ಬೆಳ್ಳಿ ಕಡಗದ ಕುಸ್ತಿಗೆ ದೊಡ್ಡವರು. ಮಂದಿಯ ಕಣ್ಣೆಲ್ಲ ಕಣದ ಮೇಲೆ. ಉಸ್ತಾದ ಅಂಚಿನಲ್ಲಿ ಉಕ್ಕಡಗಾಲಲ್ಲಿ ಕೂತಿರ್ತಾನೆ. ಒಮ್ಮೆ ನಾನು ಒಬ್ಬ ಮುದುಕ ಉಸ್ತಾದರ ಪಕ್ಕ ಕೂತಿದ್ದೆ. ಅವರ ಹುಡುಗ ಗೆದ್ದಿದ್ದ. ‘ನಿಮ್ಮದೇ ಡಾವು ಹಾಕ್ದ ಅಲ್ಲೇನ್ರಿ ಕಾಕಾ?’ ಅಂದೆ, ಖುಷಿ ಆಗ್ತದ ಅಂತ. ಮುದುಕ ನನ್ನ ಕಡೆ ನೋಡಲೂ ಇಲ್ಲ. ‘ನನ್ನ ಡಾವು ಇಂವಗ ಬರಂಗಿಲ್ಲಪ್ಪಾ. ಇಂವನ ಕಾಲು ಗಿಡ್ಡ ಅವ. ಇಂವಗ ಬ್ಯಾರೆನೇ ಕಲಸ್ಬೇಕಾಗ್ತದ.’

ದ್ರಾವಿಡ್ ಕೂತಿದ್ದ ಡಗೌಟ್‌ನಿಂದ ಹೊರಟ ತಂಡ ಹೆಂಗ ಆಡಿತು ನೆನಪು ಮಾಡ್ಕೋರಿ. ರೋಹಿತ್ ಶರ್ಮಾ ಆಸ್ಟ್ರೇಲಿಯಾ ವಿರುದ್ಧ 41 ಎಸೆತಕ್ಕೆ 92. ಸೂರ್ಯಕುಮಾರ್, ರಿಷಭ್ ಪಂತ್ ಇಬ್ಬರೂ ದ್ರಾವಿಡ್ ಆಡಿದ ಆಟದ ಹತ್ತಿರಕ್ಕೂ ಬಾರದವರು. ‘ಗೋಡೆ’ ಅನ್ನಿಸಿಕೊಂಡವರು ಇನ್ನೊಂದು ಗೋಡೆ ಕಟ್ಟಲಿಲ್ಲ.

ಆ ಕೆಲಸ ಶುರುವಾದದ್ದು ಬಾರ್ಬಡೋಸ್‌ಗಿಂತ ಒಂಬತ್ತು ವರ್ಷ ಮುಂಚೆ, ಕ್ಯಾಮೆರಾ ಇಲ್ಲದ ಕಡೆ. 2015ರಲ್ಲಿ ಅವರು 19ರೊಳಗಿನ ತಂಡಕ್ಕೂ ಭಾರತ ‘ಎ’ ತಂಡಕ್ಕೂ ಕೋಚ್ ಆದರು. ಅದೇ ಡಿಸೆಂಬರ್‌ನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಡೋವಾಗ ಹುಡುಗರ ವಯಸ್ಸು ಸುಳ್ಳು ಬರೆಸೋದರ ಬಗ್ಗೆ, ಕಿರಿಯರ ಕ್ರಿಕೆಟ್‌ನಲ್ಲಿ ಬರೀ ಗೆಲುವಿನ ಹಿಂದೆ ಬೀಳೋ ಕೋಚ್‌ಗಳ ಬಗ್ಗೆ ಮಾತಾಡಿದರು. ಒಮ್ಮೆ 19ರೊಳಗಿನ ವಿಶ್ವಕಪ್ ಆಡಿದವನು ವಯಸ್ಸು ಉಳಿದಿದ್ದರೂ ಎರಡನೇ ಸಲ ಆಡಬಾರದು, ಬೇರೆ ಹುಡುಗನಿಗೆ ಜಾಗ ಬಿಡಬೇಕು ಅನ್ನೋ ನಿಯಮ ಬಂದದ್ದು ಅವರ ಕಾಲದಲ್ಲೇ. ಗೆಲ್ಲೋದೊಂದೇ ಗುರಿ ಆಗಿದ್ದರೆ ಯಾರೂ ಇಂಥ ನಿಯಮಕ್ಕೆ ಒಪ್ಪಂಗಿಲ್ಲ.

ಎಲ್ಲಕ್ಕಿಂತ ನನಗೆ ದೊಡ್ಡದು ಅನ್ನಿಸೋದು ‘ಎ’ ತಂಡದ ಪ್ರವಾಸದ ರೂಢಿ. ನನ್ನ ಜೊತೆ ಬಂದವರು ಒಂದಾದರೂ ಪಂದ್ಯ ಆಡದೆ ವಾಪಸ್ ಹೋಗಂಗಿಲ್ಲ ಅಂತ ಮೊದಲೇ ಹೇಳಿಬಿಡ್ತಿದ್ದರಂತೆ. ಕಾರಣವನ್ನೂ ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ: ಹುಡುಗನಾಗಿದ್ದಾಗ ತಾನೂ ಹಂಗೆ ಪ್ರವಾಸ ಹೋಗಿ, ಆಡೋ ಅವಕಾಶ ಸಿಗದೆ ಬಂದಿದ್ದು, ಅದರ ಸಂಕಟ. 13,288 ರನ್ ಮಾಡಿದ ಮನುಷ್ಯ ಕೋಚ್ ಆಗಿ ಬಂದಾಗ ಜೊತೆಗೆ ತಂದದ್ದು ಆ ರನ್ನುಗಳನ್ನಲ್ಲ, ಆಡದೇ ಉಳಿದ ಪಂದ್ಯಗಳನ್ನು.

ಇದು ನನಗೆ ಯಾಕೆ ನಾಟ್ತದ ಅಂದರೆ, ನನ್ನ ತಂಗಿಯ ಮಗ, ಭಾಲ್ಕಿಯವನು, ಹದಿನಾಲ್ಕು ವರ್ಷದವನಿದ್ದಾಗ ಒಂದು ತಂಡದ ಜೊತೆ ಪರಊರಿಗೆ ಹೋಗಿದ್ದ. ಯಾವ ತಂಡ ಅನ್ನೋದು ಇಲ್ಲಿ ಬ್ಯಾಡ. ನಾಲ್ಕು ಪಂದ್ಯ, ನಾಲ್ಕರಲ್ಲೂ ಅವನ ಕೆಲಸ ನೀರಿನ ಬಾಟಲಿ ಒಯ್ಯೋದು. ಬಂದ ದಿನ ತಂಗಿ ಬಟ್ಟೆ ತೊಳೆಯೋಕೆ ಅಂತ ಬ್ಯಾಗ್ ಬಿಚ್ಚಿದಳು. ಬಿಳಿ ಪ್ಯಾಂಟಿನ ಮೊಣಕಾಲಲ್ಲಿ ಒಂದು ಮಣ್ಣಿನ ಕಲೆ ಇಲ್ಲ. ಆಕೆ ಏನೂ ಕೇಳಲಿಲ್ಲ, ಮಡಚಿ ಕಪಾಟಿನಲ್ಲಿ ಇಟ್ಟಳು. ಹುಡುಗ ಮುಂದಿನ ವರ್ಷ ಆಯ್ಕೆಗೆ ಹೋಗಲಿಲ್ಲ. ಈಗ ಡಿಪ್ಲೊಮಾ ಓದ್ತಾನ, ಆದಿತ್ಯವಾರ ಟೆನಿಸ್ ಬಾಲ್ ಆಡ್ತಾನ. ಆಡಿಸಿದ್ದರೆ ದೊಡ್ಡ ಆಟಗಾರ ಆಗ್ತಿದ್ದ ಅಂತ ನಾ ಹೇಳಂಗಿಲ್ಲ. ಆಗ್ತೀನೋ ಇಲ್ಲೋ ಅನ್ನೋದನ್ನು ಆಡಿ ತಿಳ್ಕೊಳ್ಳೋ ಹಕ್ಕಾದರೂ ಅವನಿಗಿತ್ತು. ಕರಕೊಂಡು ಹೋದವರಿಗೆ ಕಪ್ ಬೇಕಾಗಿತ್ತು. ನಮ್ಮ ವಿಡಿಯೊ ಕಲಿಸೋದೂ ಅದನ್ನೇ, ಕೋಚ್ ಅಂದರೆ ಕೊನೆಗೆ ಕಪ್ ಎತ್ತೋನು.

ಇನ್ನು ರೊಕ್ಕದ ಮಾತಿಗೆ ಬರ್ತೀನಿ. ದ್ರಾವಿಡ್ ಬಗ್ಗೆ ಬರೆಯೋರು ಇದನ್ನು ‘ದೊಡ್ಡ ಗುಣ’ ಅಂತ ಒಂದು ಸಾಲಿನಲ್ಲಿ ಮುಗಿಸ್ತಾರೆ. 2018ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡ್‌ನಲ್ಲಿ 19ರೊಳಗಿನ ವಿಶ್ವಕಪ್ ಗೆದ್ದಾಗ ಮಂಡಳಿ ಇನಾಮು ಸಾರಿತು: ಕೋಚ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಉಳಿದ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಇದಕ್ಕೆ ಒಪ್ಪಲಿಲ್ಲ, ನಮ್ಮೆಲ್ಲರ ಕೆಲಸ ಒಂದೇ ಅಂದರು. ಕೊನೆಗೆ ಅವರನ್ನೂ ಸೇರಿಸಿ ಸಿಬ್ಬಂದಿಗೆಲ್ಲ ತಲಾ 25 ಲಕ್ಷ ಆಯಿತು. ಆ ಪಟ್ಟಿಯಲ್ಲಿ ಅದಕ್ಕೂ ಒಂದು ವರ್ಷ ಮೊದಲೇ ತೀರಿಕೊಂಡಿದ್ದ ಟ್ರೇನರ್ ರಾಜೇಶ್ ಸಾವಂತ್ ಅವರ ಹೆಸರೂ ಬಂತು. 2024ರಲ್ಲಿ ಮಂಡಳಿ 125 ಕೋಟಿ ಕೊಟ್ಟಾಗಲೂ ಅವರು ತಮ್ಮ ಪಾಲಿನ ಐದು ಕೋಟಿ ಬ್ಯಾಡ, ಉಳಿದ ಕೋಚ್‌ಗಳಿಗೆ ಕೊಟ್ಟ ಎರಡೂವರೆ ಕೋಟಿಯೇ ಸಾಕು ಅಂದರು ಅಂತ ಪತ್ರಿಕೆಗಳಲ್ಲಿ ಬಂತು.

ಇದನ್ನು ಔದಾರ್ಯ ಅಂತ ಓದಿದರೆ ಅರ್ಧ ಅರ್ಥ ಹೋಗ್ತದ. ನಾನು ಇದನ್ನು ಆಟದ ಬಗೆಗಿನ ಒಂದು ಅಭಿಪ್ರಾಯ ಅಂತ ಓದ್ತೀನಿ. ಬಾರ್ಬಡೋಸ್‌ನ ಕೊನೇ ಓವರ್ ನೋಡ್ರಿ. ದಕ್ಷಿಣ ಆಫ್ರಿಕಾಕ್ಕೆ ಆರು ಎಸೆತದಲ್ಲಿ 16 ರನ್ ಬೇಕು, ಹಾರ್ದಿಕ್ ಪಾಂಡ್ಯ ಎಸೆದ ಮೊದಲ ಚೆಂಡನ್ನೇ ಡೇವಿಡ್ ಮಿಲ್ಲರ್ ಎತ್ತಿ ಹೊಡೆದರು. ಲಾಂಗ್ ಆಫ್ ಅಂಚಿನಲ್ಲಿ ಸೂರ್ಯಕುಮಾರ್ ಯಾದವ್ ಹಿಡಿದು, ಗೆರೆ ದಾಟೋ ಮುಂಚೆ ಚೆಂಡು ಮೇಲಕ್ಕೆ ತೂರಿ, ಆಚೆ ಹೋಗಿ, ಒಳಗೆ ಬಂದು ಮತ್ತೆ ಹಿಡಿದರು. ಭಾರತ ಗೆದ್ದದ್ದು ಏಳು ರನ್ನಿಂದ. ಆ ಕ್ಯಾಚ್‌ನಲ್ಲಿ ದ್ರಾವಿಡ್ ಕೈ ಎಷ್ಟು? ಆ ತಂಡಕ್ಕೆ ಫೀಲ್ಡಿಂಗ್ ಕಲಿಸುತ್ತಿದ್ದವರು ಟಿ. ದಿಲೀಪ್, ನಮ್ಮ ಬೀದರಿನಿಂದ ಮೂರು ತಾಸಿನ ದಾರಿಯ ಹೈದರಾಬಾದಿನವರು. ದೇಶದ ಪರ ಒಂದು ಪಂದ್ಯ ಆಡಿದವರಲ್ಲ. ಅವರಿಗೂ 164 ಟೆಸ್ಟ್ ಆಡಿದವರಿಗೂ ಪಾಲು ಒಂದೇ ಆಗಬೇಕು ಅಂತ ಹೇಳೋನು, ಆಡೋದು ಬೇರೆ, ಆಡಿಸೋದು ಬೇರೆ ಅಂತ ಹೇಳ್ತಿದ್ದಾನೆ. ಬ್ಯಾಟಿನಿಂದ ಗಳಿಸಿದ ಹೆಸರಿಗೆ ಡಗೌಟ್‌ನಲ್ಲಿ ಬಡ್ಡಿ ವಸೂಲಿ ಮಾಡಂಗಿಲ್ಲ ಅಂತ. ನಮ್ಮ ತಾಲೀಮುಗಳಲ್ಲಿ ಗೆದ್ದ ಪೋರ ಕಣದ ಸುತ್ತ ತಿರುಗಿ ಮಂದಿ ಕೊಟ್ಟ ನೋಟುಗಳನ್ನು ತಂದು ಉಸ್ತಾದನ ಮುಂದೆ ಇಡ್ತಾನೆ. ಒಳ್ಳೆ ಉಸ್ತಾದ ಅದರಲ್ಲಿ ಮೊದಲು ತೆಗೆಯೋದು ಉಳಿದ ಹುಡುಗರ ಹಾಲು-ಬದಾಮಿಯ ಪಾಲು. ಎಲ್ಲಾ ಉಸ್ತಾದರೂ ಒಳ್ಳೆಯವರಲ್ಲ, ಅದೂ ಖರೆ.

ಅವರನ್ನು ದೇವರು ಮಾಡೋದೂ ನನಗೆ ಬೇಕಾಗಿಲ್ಲ. 2022ರ ಟಿ-20 ಸೆಮಿಫೈನಲ್‌ನಲ್ಲಿ ಅಡಿಲೇಡ್‌ನಲ್ಲಿ ಇಂಗ್ಲೆಂಡ್ ಒಂದೂ ವಿಕೆಟ್ ಕಳೆದುಕೊಳ್ಳದೆ ಗೆದ್ದಾಗ ಭಾರತದ ಆಟ ಹಳೇ ಕಾಲದ್ದಾಗಿತ್ತು, ಕೋಚ್ ದ್ರಾವಿಡ್ ಆಗ ಬಂದು ವರ್ಷ ಆಗಿತ್ತು. 2023ರ ಜೂನ್‌ನಲ್ಲಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ಗೆ ಆಗ ಜಗತ್ತಿನ ನಂಬರ್ ಒನ್ ಬೌಲರ್ ಅಶ್ವಿನ್ ಅವರನ್ನೇ ಹೊರಗಿಟ್ಟರು, ಸೋತರು. ಅದು ತಪ್ಪು ಅಂತ ನಾನು ಆಗಲೂ ಬರೆದಿದ್ದೆ, ಈಗಲೂ ಅದೇ ಹೇಳ್ತೀನಿ. ಅದೇ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ, ಹತ್ತಕ್ಕೆ ಹತ್ತು ಗೆದ್ದು ಬಂದ ತಂಡ 240ಕ್ಕೆ ಆಲೌಟ್ ಆಗಿ ಸೋತಿತು. ಕೋಚ್ ಅವಧಿ ಅಲ್ಲಿಗೇ ಮುಗಿದಿತ್ತು. ರೋಹಿತ್ ಫೋನ್ ಮಾಡಿ ಇನ್ನಷ್ಟು ದಿನ ಇರ್ರಿ ಅಂದದ್ದಕ್ಕೆ ಉಳಿದರು. ಆ ಫೋನ್ ಬರದೇ ಹೋಗಿದ್ದರೆ ಬಾರ್ಬಡೋಸ್ ಇಲ್ಲ, ಕಪ್ಪಿಲ್ಲ, ಹಾಡಿಲ್ಲ. 2015ರಿಂದ ಮಾಡಿದ ಕೆಲಸ ಮಾತ್ರ ಅಷ್ಟೇ ಇರ್ತಿತ್ತು.

ಆ ಕೆಲಸ ಕಣ್ಣಿಗೆ ಕಂಡದ್ದು 2021ರ ಜನವರಿಯಲ್ಲಿ, ಬ್ರಿಸ್ಬೇನ್‌ನಲ್ಲಿ. ಹಿರಿಯರಲ್ಲಿ ಬಹಳ ಮಂದಿ ಗಾಯ ಆಗಿ ಕೂತಿದ್ದರು. ಆಡಿದವರಲ್ಲಿ ಹೆಚ್ಚಿನವರು ಗಿಲ್, ಪಂತ್, ವಾಷಿಂಗ್ಟನ್ ಸುಂದರ್, ಸಿರಾಜ್, ಇಂಥವರೇ, ಬಹಳ ಮಂದಿ ‘ಎ’ ತಂಡದಲ್ಲೋ 19ರೊಳಗಿನ ತಂಡದಲ್ಲೋ ದ್ರಾವಿಡ್ ಕೈಯಡಿ ಬಂದವರು. ಹೈದರಾಬಾದಿನ ಆಟೋ ಡ್ರೈವರ್ ಮಗ ಮೊಹಮ್ಮದ್ ಸಿರಾಜ್, ತಂದೆ ತೀರಿಕೊಂಡರೂ ಮನೆಗೆ ಬರದೆ ಅಲ್ಲೇ ಉಳಿದವನು, ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದ. ಅವನ ಮಾತು ಕೇಳಿದರೆ ನಮ್ಮ ಬೀದರಿನ ಹುಡುಗರು ಮಾತಾಡಿದಂಗೇ ಇರ್ತದ. ದ್ರಾವಿಡ್ ಆಗ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ನೋಡಿಕೊಳ್ಳುತ್ತಿದ್ದರು. ಹೊಗಳಿದವರಿಗೆ, ನನಗೆ ಸಲ್ಲದ ಶ್ರೇಯ ಕೊಡ್ತಿದ್ದೀರಿ, ಹುಡುಗರದು ಅದು ಅಂದು ನಕ್ಕರು.

ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಹೈದರಾಬಾದ್ ಹತ್ತಿರ, ಆದರೆ ಅದು ಬೇರೆ ಸಂಸ್ಥೆಯ ತಂಡ. ನಾವು ರಾಯಚೂರು ವಲಯದವರು. 371(ಜೆ) ನಮಗೆ ಕಾಲೇಜಿನ ಸೀಟು ಕೊಡ್ತದ, ನೌಕರಿ ಕೊಡ್ತದ, ಹನ್ನೊಂದರಲ್ಲಿ ಜಾಗ ಕೊಡಂಗಿಲ್ಲ, ಕೊಡಲೂಬಾರದು. ಕೊಡಬೇಕಾದ್ದು ಆಡಿಸೋರನ್ನು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಮಾತಾಡ್ತಾ ಬೆಳೆದ ದ್ರಾವಿಡ್‌ಗೆ ಬೆಂಗಳೂರಿನಲ್ಲಿ ಕೇಕಿ ತಾರಾಪೋರ್ ಸಿಕ್ಕಿದ್ದರು. ಅಂಥದೇ ಎರಡು ಭಾಷೆಯ ಮನೆಗಳು ಔರಾದದಲ್ಲಿ, ಭಾಲ್ಕಿಯಲ್ಲಿ ಓಣಿಗೆ ಹತ್ತಿವೆ. ಅಲ್ಲಿಯ ಹುಡುಗನಿಗೆ ಸಿಗೋನು ಕಬಡ್ಡಿ, ಖೊಖೊ, ವಾಲಿಬಾಲ್, ಆಗಸ್ಟ್ 15ರ ಕವಾಯತು, ಎಲ್ಲಾ ಒಬ್ಬನೇ ನೋಡೋ ಪಿಟಿ ಮಾಸ್ತರ. ನಾಗರಾಜ ಮಂಜುಳೆಯವರ ‘ಝುಂಡ್’ 2022ರಲ್ಲಿ ಬಂತಲ್ಲ, ಕಾಲೇಜಿನ ಗೋಡೆಯಾಚೆಯ ಝೋಪಡಪಟ್ಟಿಯ ಹುಡುಗರಿಗೆ ಫುಟ್‌ಬಾಲ್ ಕೊಟ್ಟ ಮಾಸ್ತರನ ಕಥೆ, ಅದರಲ್ಲಿ ಅಮಿತಾಭ್ ಬಚ್ಚನ್‌ಗೆ ಹಳೇ ಕಳಂಕವೂ ಇಲ್ಲ, ತೀರಿಸೋ ಸೇಡೂ ಇಲ್ಲ. ಮೂರು ತಾಸು ಉದ್ದ ಆಯಿತು, ನಡುವೆ ಎಳೀತದ, ಒಪ್ತೀನಿ. ಆದರೂ ಆಡಿಸೋನ ಬಗ್ಗೆ ಇತ್ತೀಚೆಗೆ ನಾ ನೋಡಿದ್ದರಲ್ಲಿ ಸುಳ್ಳು ಕಡಿಮೆ ಇದ್ದ ಸಿನಿಮಾ ಅದು.

ವಿಡಿಯೊ ಕಪ್ ಎತ್ತಿದಲ್ಲಿಗೆ ಮುಗೀತದ, ಕೆಲಸ ಮುಗಿಯಂಗಿಲ್ಲ. 2025ರ ಐಪಿಎಲ್‌ನಲ್ಲಿ ದ್ರಾವಿಡ್ ರಾಜಸ್ಥಾನ ರಾಯಲ್ಸ್ ಕೋಚ್. 14 ಪಂದ್ಯದಲ್ಲಿ ಗೆದ್ದದ್ದು ನಾಲ್ಕು, ಆಗಸ್ಟ್‌ನಲ್ಲಿ ತಂಡ ಬಿಟ್ಟರು. ಆ ಸೀಸನ್ ಶುರುವಾಗೋ ಹೊತ್ತಿಗೆ ಜೈಪುರಕ್ಕೆ ಊರುಗೋಲು ಹಿಡಿದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. 52ನೇ ವಯಸ್ಸಿನಲ್ಲಿ ಬೆಂಗಳೂರಿನ ಲೀಗ್ ಪಂದ್ಯದಲ್ಲಿ ಚಿಕ್ಕ ಮಗನ ಜೊತೆ ಆಡಲಿಕ್ಕೆ ಹೋಗಿ ಮಾಡಿಕೊಂಡ ಗಾಯ ಅದು. ತಂಡದಲ್ಲಿ ಬಿಹಾರದ ಸಮಸ್ತಿಪುರದ ಕಡೆಯ ಒಬ್ಬ ಹುಡುಗ ಇದ್ದ, ವೈಭವ್ ಸೂರ್ಯವಂಶಿ, 14 ವರ್ಷ. ಎಲ್ಲರನ್ನೂ ಆಡಿಸ್ತೀನಿ ಅನ್ನೋ ರೂಢಿ ಐಪಿಎಲ್‌ನಲ್ಲಿ ನಡೆಯಂಗಿಲ್ಲ. ಮೊದಲ ಏಳು ಪಂದ್ಯ ಆ ಹುಡುಗ ಹೊರಗೇ ಕೂತ. ಸಂಜು ಸ್ಯಾಮ್ಸನ್‌ಗೆ ಪಕ್ಕೆ ನೋವು ಅಂತ ಎಂಟನೇದರಲ್ಲಿ ಜಾಗ ಸಿಕ್ಕಿತು, ಮೊದಲ ಎಸೆತಕ್ಕೇ ಸಿಕ್ಸ್ ಹೊಡೆದ. ಏಪ್ರಿಲ್ 28ರಂದು ಗುಜರಾತ್ ವಿರುದ್ಧ 35 ಎಸೆತಕ್ಕೆ ಶತಕ. ಅವನು ಬ್ಯಾಟ್ ಎತ್ತಿದಾಗ ಕ್ಯಾಮೆರಾ ಡಗೌಟ್ ಕಡೆ ತಿರುಗಿತು. ಗಾಲಿಕುರ್ಚಿಯಲ್ಲಿದ್ದ ಕೋಚ್ ಕಾಲು ಮರೆತು ಎದ್ದು ನಿಂತಿದ್ದರು, ಎರಡೂ ಕೈ ಮೇಲೆತ್ತಿ.